ಕಾಯಿಲ್ ದೊಡ್ಡದು ಮಾಡಿದೆ, ಆದರೂ ಆಳ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಾನೇ ಜೋಡಿಸಿದ ಪಲ್ಸ್ ಇಂಡಕ್ಷನ್ (ಪಿಐ) ಮೆಟಲ್ ಡಿಟೆಕ್ಟರ್ ಇದೆ, ಕಾಯಿಲ್‌ಗೆ ಕರೆಂಟ್ ಹೊಡೆತ ಕೊಟ್ಟು, ನಿಲ್ಲಿಸಿ, ಲೋಹದ ಉತ್ತರ ಕೇಳುವ ಬಗೆಯದು. 12 ವೋಲ್ಟ್ ಬ್ಯಾಟರಿ, 150 ಮೈಕ್ರೋಸೆಕೆಂಡ್ ಪಲ್ಸ್, 15 ಮೈಕ್ರೋಸೆಕೆಂಡ್ ಡಿಲೇ (ಪಲ್ಸ್ ನಿಂತ ಮೇಲೆ ಕೇಳಲು ಕಾಯುವ ಹೊತ್ತು), 510 ಓಮ್ ಡ್ಯಾಂಪಿಂಗ್ ರೆಸಿಸ್ಟರ್. ಕಾಯಿಲ್ 26 ಸೆಂ.ಮೀ. ಅಗಲ, 0.5 ಮಿ.ಮೀ. ತಾಮ್ರದ ತಂತಿ, 22 ಸುತ್ತು. ನಾಣ್ಯ 25 ಸೆಂ.ಮೀ. ತನಕ ಸಿಗುತ್ತದೆ. ಇನ್ನೂ ಆಳ ಹೋಗಲಿ ಅಂತ ಅದೇ ತಂತಿಯಲ್ಲಿ, ಅದೇ 22 ಸುತ್ತು ಹಾಕಿ 60 ಸೆಂ.ಮೀ. ಕಾಯಿಲ್ ಮಾಡಿದೆ. ಈಗ ನಾಣ್ಯ 12 ಸೆಂ.ಮೀ.ಗೂ ಸಿಗುತ್ತಿಲ್ಲ. ಒದ್ದೆ ಹುಲ್ಲು ತಾಗಿದರೂ ಕೂಗುತ್ತದೆ. ವೋಲ್ಟೇಜ್ ಏರಿಸಬೇಕಾ? ಇನ್ನೊಂದು, ನನ್ನ ಹತ್ತಿರ ಕಂಪನಿಯ ವಿಎಲ್‌ಎಫ್ ಯಂತ್ರವೂ (ತೀರಾ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಸತತವಾಗಿ ಕಳಿಸುತ್ತಲೇ ಕೇಳುವಂಥದ್ದು) ಇದೆ, 9 ಇಂಚಿನ ಕಾನ್ಸೆಂಟ್ರಿಕ್ ಕಾಯಿಲ್, ಅಂದರೆ ಒಂದರೊಳಗೊಂದು ಬಳೆ ಇರುವುದು. ಅದನ್ನು ಬಿಚ್ಚಿ ದೊಡ್ಡದಾಗಿ ಸುತ್ತಬಹುದಾ, ಅಥವಾ 15 ಇಂಚಿನ ಡಬಲ್ ಡಿ (ಎರಡು D ಆಕಾರದ ಸುತ್ತು ನಡುವೆ ಒಂದರ ಮೇಲೊಂದು ಬರುವ ಕಾಯಿಲ್) ಕೊಳ್ಳಬೇಕಾ?

ಉತ್ತರ: ವೋಲ್ಟೇಜ್ ಮುಟ್ಟಬೇಡಿ. ವಿಎಲ್‌ಎಫ್ ಕಾಯಿಲ್ ಬಿಚ್ಚಲೂ ಬೇಡಿ. ಮೊದಲು ಆ 60 ಸೆಂ.ಮೀ. ಕಾಯಿಲ್‌ನಲ್ಲಿ ಏನಾಗಿದೆ ನೋಡೋಣ. ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ. ಸುತ್ತು ಎಣಿಸಿದ್ದೀರಿ, ಇಂಡಕ್ಟನ್ಸ್ (ಕರೆಂಟ್ ಬದಲಾಗುವುದನ್ನು ಕಾಯಿಲ್ ತಡೆಯುವ ಗುಣ) ಅಳೆದಿಲ್ಲ, ಅಷ್ಟೆ. ಕಾಯಿಲ್ ಮಾಡುವವರು ಮೊದಲ ಸಲ ಎಡವುವುದು ಇಲ್ಲೇ.

ನಿಮ್ಮ ಹಳೆಯ ಕಾಯಿಲ್ ಲೆಕ್ಕ ಹಾಕಿದರೆ 300 ಮೈಕ್ರೋಹೆನ್ರಿ ಆಸುಪಾಸು ಬರುತ್ತದೆ. ಪಿಐ ಯಂತ್ರಗಳು ಸಾಮಾನ್ಯವಾಗಿ ಬಯಸುವುದು ಅಷ್ಟನ್ನೇ. ಇಂಡಕ್ಟನ್ಸ್ ಸುತ್ತಿನ ವರ್ಗದಂತೆ ಏರುತ್ತದೆ, ಅಗಲ ಜಾಸ್ತಿಯಾದರೂ ಏರುತ್ತದೆ. ಅದೇ 22 ಸುತ್ತನ್ನು 60 ಸೆಂ.ಮೀ.ಗೆ ಹಿಗ್ಗಿಸಿದಾಗ ಅದು ಸುಮಾರು 850 ಮೈಕ್ರೋಹೆನ್ರಿ ಆಗಿಬಿಟ್ಟಿದೆ, ಹತ್ತಿರ ಹತ್ತಿರ ಮೂರು ಪಟ್ಟು. ತಂತಿಯೂ 18 ಮೀಟರ್ ಇದ್ದದ್ದು 41 ಮೀಟರ್ ದಾಟಿದೆ, ಹಾಗಾಗಿ ರೆಸಿಸ್ಟೆನ್ಸ್ 1.6 ಓಮ್‌ನಿಂದ 3.7 ಓಮ್‌ಗೆ ಹೋಗಿದೆ.

ಇದರಿಂದ ಎರಡು ಕಡೆ ಏಟು ಬಿದ್ದಿದೆ. ಮೊದಲನೆಯದು ಕರೆಂಟ್. ಕಾಯಿಲ್‌ನಲ್ಲಿ ಕರೆಂಟ್ ಒಮ್ಮೆಲೇ ಏರುವುದಿಲ್ಲ, ನಿಧಾನವಾಗಿ ಹತ್ತುತ್ತದೆ, ಇಂಡಕ್ಟನ್ಸ್ ಜಾಸ್ತಿ ಇದ್ದಷ್ಟೂ ನಿಧಾನ. 150 ಮೈಕ್ರೋಸೆಕೆಂಡ್ ಮುಗಿಯುವ ಹೊತ್ತಿಗೆ ಹಳೆಯ ಕಾಯಿಲ್‌ನಲ್ಲಿ ಸುಮಾರು 3.8 ಆಂಪಿಯರ್ ಇರುತ್ತಿತ್ತು. ಹೊಸದರಲ್ಲಿ 1.5 ಮುಟ್ಟುವಷ್ಟರಲ್ಲಿ ಪಲ್ಸ್ ಮುಗಿದುಹೋಗುತ್ತದೆ. ಅಂದರೆ ನೆಲಕ್ಕೆ ಹೋಗುವ ಹೊಡೆತವೇ ಅರ್ಧಕ್ಕಿಂತ ಕಡಿಮೆ.

ಎರಡನೆಯದು ಇನ್ನೂ ಕೆಟ್ಟದ್ದು. ಪಲ್ಸ್ ನಿಂತ ತಕ್ಷಣ ಕಾಯಿಲ್‌ನಲ್ಲಿ 400 ವೋಲ್ಟ್‌ನಷ್ಟು ಒದೆ ಬರುತ್ತದೆ ಅಲ್ವಾ, ಅದು ಇಳಿದು ಮಿಲಿವೋಲ್ಟ್‌ಗೆ ಬಂದ ಮೇಲೇ ನಾಣ್ಯದ ಸಣ್ಣ ಉತ್ತರ ಕೇಳಿಸುವುದು. ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಡ್ಯಾಂಪಿಂಗ್ ರೆಸಿಸ್ಟರ್. ಅದರ ಸರಿಯಾದ ಬೆಲೆ (ಎಷ್ಟು ಓಮ್ ಅನ್ನುವುದು) ಇಂಡಕ್ಟನ್ಸನ್ನು ಕೆಪಾಸಿಟನ್ಸ್‌ನಿಂದ (ಚಾರ್ಜ್ ಹಿಡಿದಿಡುವ ಗುಣ) ಭಾಗಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿದರೆ ಸಿಗುತ್ತದೆ. ಕಾಯಿಲ್, ಕೇಬಲ್, ಮಾಸ್ಫೆಟ್ (ಪಲ್ಸನ್ನು ಆನ್ ಆಫ್ ಮಾಡುವ ಟ್ರಾನ್ಸಿಸ್ಟರ್) ಎಲ್ಲ ಸೇರಿ 300 ಪಿಕೋಫ್ಯಾರಡ್ ಅಂದುಕೊಳ್ಳಿ. 300 ಮೈಕ್ರೋಹೆನ್ರಿಗೆ ಸರಿಯಾಗಿ 500 ಓಮ್ ಬರುತ್ತದೆ, ಅದಕ್ಕೇ ನಿಮ್ಮ 510 ಚೆನ್ನಾಗಿ ಕೂತಿತ್ತು. 850ಕ್ಕೆ 840 ಓಮ್ ಬೇಕು. ನೀವು 510 ಅನ್ನೇ ಬಿಟ್ಟಿದ್ದರಿಂದ ಒದೆ ಇಳಿಯುವುದು ಎಳೆದುಕೊಂಡು ಹೋಗಿ 20 ಮೈಕ್ರೋಸೆಕೆಂಡ್ ದಾಟುತ್ತದೆ. ಯಂತ್ರ ಕಿವಿಗೊಡುವುದು 15ನೇ ಮೈಕ್ರೋಸೆಕೆಂಡ್‌ಗೆ. ಆಗ ಅದಕ್ಕೆ ಕೇಳಿಸುವುದು ಕಾಯಿಲ್‌ನ ಸದ್ದೇ ಹೊರತು ನಾಣ್ಯದ್ದಲ್ಲ.

ಹಾಗಾಗಿ 60 ಸೆಂ.ಮೀ.ಗೆ 13 ಸುತ್ತು ಸಾಕು. 40 ಸೆಂ.ಮೀ. ಮಾಡಿದರೆ 17 ಸುತ್ತು. ಒಂದು ಮೀಟರ್ ಚೌಕಟ್ಟಿಗೆ 9 ಅಥವಾ 10. ಕಟ್ಟು ಎಷ್ಟು ಬಿಗಿಯಾಗಿದೆ ಅನ್ನುವುದರ ಮೇಲೆ ಒಂದು ಸುತ್ತು ಆಚೆ ಈಚೆ ಆಗುತ್ತದೆ, ಅದಕ್ಕೇ ಇಂಡಕ್ಟನ್ಸ್ ಅಳೆಯುವ ಒಂದು ಎಲ್‌ಸಿಆರ್ ಮೀಟರ್ ಪಕ್ಕದಲ್ಲಿರಲಿ. ಆಮೇಲೆ ರೆಸಿಸ್ಟರ್ ಬದಲಾಯಿಸಿ ನೋಡಿ: 470, 510, 560, 680, ಹೀಗೆ ಒಂದೊಂದಾಗಿ ಬೆಸುಗೆ ಹಾಕಿ, ಆಸಿಲೋಸ್ಕೋಪ್‌ನಲ್ಲಿ (ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಯಂತ್ರ) ಮೊದಲ ಆಂಪ್ಲಿಫೈಯರ್‌ನ ಔಟ್‌ಪುಟ್ ನೋಡುತ್ತಾ ಹೋಗಿ. ಬೆಲೆ ಕಡಿಮೆಯಾದರೆ ಇಳಿಜಾರು ಉದ್ದವಾಗಿ ಎಳೆಯುತ್ತದೆ. ಜಾಸ್ತಿಯಾದರೆ ಗೆರೆ ಸೊನ್ನೆಯ ಕೆಳಗೆ ಹೋಗಿ ಮತ್ತೆ ಮೇಲೆ ಬಂದು ಅಲೆಯುತ್ತದೆ. ಅಲೆ ಶುರುವಾಗುವ ಹಿಂದಿನ ಬೆಲೆಯೇ ನಿಮ್ಮದು. ರೆಸಿಸ್ಟರ್ ಕನಿಷ್ಠ 2 ವ್ಯಾಟ್‌ನದ್ದಿರಲಿ, ತಂತಿ ಸುತ್ತಿದ ಬಗೆಯದು ಬೇಡ, ಅದೇ ಇನ್ನೊಂದು ಕಾಯಿಲ್ ಆಗಿಬಿಡುತ್ತದೆ. ಕಾಯಿಲ್‌ನ ತುದಿಗಳಲ್ಲಿ 400 ವೋಲ್ಟ್ ಇರುತ್ತದೆ ಅನ್ನುವುದು ನೆನಪಿರಲಿ, ಯಂತ್ರ ಓಡುವಾಗ ಅಲ್ಲಿಗೆ ಬೆರಳು ಹೋಗಬಾರದು.

ಇಷ್ಟು ಸರಿ ಮಾಡಿದ ಮೇಲೆ ಆಳ ಸಿಗುತ್ತದಾ? ಯಾವುದರ ಆಳ ಅನ್ನುವುದರ ಮೇಲೆ ಹೋಗುತ್ತದೆ. ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ, ಸ್ವಲ್ಪ ನಿಧಾನವಾಗಿ ಓದಿ.

ಕಾಯಿಲ್‌ನ ಬಲ ದೂರ ಹೋದಂತೆ ಘನದ ಲೆಕ್ಕದಲ್ಲಿ ಕುಗ್ಗುತ್ತದೆ. ನಾಣ್ಯದ ಉತ್ತರ ವಾಪಸ್ ಬರುವಾಗಲೂ ಅಷ್ಟೇ ಕುಗ್ಗುತ್ತದೆ. ಹೋಗುತ್ತಾ ಮೂರು ಘಾತ, ಬರುತ್ತಾ ಮೂರು ಘಾತ, ಒಟ್ಟು ಆರನೇ ಘಾತ. ಆಳ ಎರಡು ಪಟ್ಟು ಆದರೆ ಸಿಗ್ನಲ್ 64ರಲ್ಲಿ ಒಂದು ಭಾಗ. ಈ ಇಳಿತ ಇಷ್ಟು ಕಡಿದಾಗುವುದು ಕಾಯಿಲ್‌ನ ಅಗಲಕ್ಕಿಂತ ಆಚೆ ಹೋದ ಮೇಲೆ. ದೊಡ್ಡ ಕಾಯಿಲ್‌ನಲ್ಲಿ ಇಳಿತ ತಡವಾಗಿ ಶುರುವಾಗುತ್ತದೆ, ಅದರ ಲಾಭ ಇರುವುದು ಅಲ್ಲೇ. ಆದರೆ ಹತ್ತಿರದಲ್ಲಿ ಅದೇ ದೊಡ್ಡ ಕಾಯಿಲ್ ದುರ್ಬಲ, ಯಾಕೆಂದರೆ ಅದರ ಬಲ ಅಗಲಕ್ಕೆ ಹರಡಿಹೋಗಿರುತ್ತದೆ.

ನಿಮ್ಮ 26 ಸೆಂ.ಮೀ. 22 ಸುತ್ತು, ಸರಿಪಡಿಸಿದ 60 ಸೆಂ.ಮೀ. 13 ಸುತ್ತು, ಎರಡನ್ನೂ ಕಾಯಿಲ್‌ನ ನಡುವಿನ ನೇರಕ್ಕೆ ಲೆಕ್ಕ ಹಾಕಿ ನೋಡಿದೆ. 10 ಸೆಂ.ಮೀ. ಆಳದ ನಾಣ್ಯಕ್ಕೆ ದೊಡ್ಡ ಕಾಯಿಲ್ ಕೊಡುವ ಸಿಗ್ನಲ್ ಚಿಕ್ಕದರ ಐದರಲ್ಲಿ ಒಂದು ಭಾಗವೂ ಇಲ್ಲ. 25 ಸೆಂ.ಮೀ.ಗೆ ಕಾಲು ಭಾಗ ಜಾಸ್ತಿ ಅಷ್ಟೆ. 50 ಸೆಂ.ಮೀ.ಗೆ ನಾಲ್ಕು ಪಟ್ಟು ಜಾಸ್ತಿ. ಚೆನ್ನಾಗಿ ಕಾಣಿಸುತ್ತದೆ ಅಲ್ವಾ? ಆದರೆ ಕಾಯಿಲ್ ಒಂದು ಆಂಟೆನಾ ಕೂಡ ಹೌದು. ಕರೆಂಟ್ ಲೈನ್, ರೇಡಿಯೋ, ಮೊಬೈಲ್ ಚಾರ್ಜರ್, ಇವುಗಳ ಗದ್ದಲವನ್ನು ಅದು ಸುತ್ತು ಮತ್ತು ವಿಸ್ತೀರ್ಣದ ಗುಣಲಬ್ಧದಷ್ಟು ಹಿಡಿಯುತ್ತದೆ. 60 ಸೆಂ.ಮೀ. ಕಾಯಿಲ್ ಆ ಗದ್ದಲವನ್ನು ಮೂರು ಪಟ್ಟಿಗಿಂತ ಜಾಸ್ತಿ ಎಳೆದುಕೊಳ್ಳುತ್ತದೆ. ಈಗ 25 ಸೆಂ.ಮೀ. ಲೆಕ್ಕ ಮತ್ತೆ ನೋಡಿ: ಸಿಗ್ನಲ್ ಕಾಲು ಭಾಗ ಏರಿತು, ಗದ್ದಲ ಮೂರು ಪಟ್ಟು ಏರಿತು. ನಾಣ್ಯ ಹುಡುಕುವವರಿಗೆ ಇದು ನಷ್ಟ. ನನ್ನ ಲೆಕ್ಕದಲ್ಲಿ ನಿಮ್ಮ ದೊಡ್ಡ ಕಾಯಿಲ್ ಚಿಕ್ಕದನ್ನು ಮೀರಿಸುವುದು 40 ಸೆಂ.ಮೀ. ದಾಟಿದ ಮೇಲೆ. ಅಷ್ಟು ಆಳದಲ್ಲಿ ಒಂಟಿ ನಾಣ್ಯ ಇಂಥ ಯಂತ್ರದ ಯಾವ ಕಾಯಿಲ್‌ಗೂ ಉತ್ತರ ಕೊಡುವುದಿಲ್ಲ. ಪಾತ್ರೆ, ಪೈಪು, ಕಬ್ಬಿಣದ ಪೆಟ್ಟಿಗೆ, ಅಂಥವು ಕೊಡುತ್ತವೆ.

ಹಾಗಂತ ಮಾಡಿದ ಚೌಕಟ್ಟನ್ನು ಎಸೆಯಬೇಡಿ. 13 ಸುತ್ತು ಹಾಕಿ, ದೊಡ್ಡ ವಸ್ತುವಿಗೆ ಅಂತಲೇ ಇಟ್ಟುಕೊಳ್ಳಿ. ಮೇಲ್ಮೈಯಲ್ಲಿರುವ ಮೊಳೆ, ಬಾಟಲಿ ಮುಚ್ಚಳ ಅದಕ್ಕೆ ಅಷ್ಟಾಗಿ ಕಾಣಿಸುವುದಿಲ್ಲ, ಆ ಕೆಲಸಕ್ಕೆ ಅದೇ ಅನುಕೂಲ. ನಾಣ್ಯ, ಉಂಗುರಕ್ಕೆ 26 ಸೆಂ.ಮೀ. ಕಾಯಿಲ್ಲೇ ಇರಲಿ. ಎರಡರ ನಡುವೆ ಒಂದು ಬೇಕೇ ಬೇಕು ಅನಿಸಿದರೆ 40 ಸೆಂ.ಮೀ. ಮಾಡಿ. ಅದಕ್ಕಿಂತ ದೊಡ್ಡದು ನಾಣ್ಯಕ್ಕೆ ಬೇಡ.

ಗದ್ದಲ ಜಾಸ್ತಿ ಇರುವ ಜಾಗದಲ್ಲಿ ಹುಡುಕುವವರಾದರೆ ಎಂಟರ ಆಕಾರದ ಕಾಯಿಲ್ ಅನ್ನುವುದೊಂದಿದೆ. ಎರಡು ಬಳೆ, ಒಂದು ಬಲಕ್ಕೆ ಸುತ್ತಿದ್ದು, ಇನ್ನೊಂದು ಎಡಕ್ಕೆ. ದೂರದಿಂದ ಬಂದ ಗದ್ದಲ ಎರಡರಲ್ಲೂ ಸಮನಾಗಿ, ಎದುರು ಬದಿರಾಗಿ ಹುಟ್ಟಿ ಅಲ್ಲೇ ಸತ್ತುಹೋಗುತ್ತದೆ. ಕಾಗದದ ಮೇಲಿನ ಆಳ ಸ್ವಲ್ಪ ಹೋಗುತ್ತದೆ, ಆದರೆ ಕರೆಂಟ್ ಲೈನ್ ಕೆಳಗೆ ಬೇರೆ ಕಾಯಿಲ್ ಬರೀ ಕಿರುಚುವಾಗ ಇದು ಕೆಲಸ ಮಾಡುತ್ತದೆ.

ಇನ್ನು ಒದ್ದೆ ಹುಲ್ಲು. ಇದು ಶೀಲ್ಡ್ (ಹೊರಗಿನ ವಿದ್ಯುತ್ ಪ್ರಭಾವ ತಡೆಯುವ ಹೊದಿಕೆ) ಇಲ್ಲದ ಕಾಯಿಲ್‌ನ ಲಕ್ಷಣ. ನಾನು ಮೊದಲು ಮಾಡಿದ ಕಾಯಿಲ್ ಮನೆಯೊಳಗೆ ಮೇಜಿನ ಮೇಲೆ ಬಹಳ ಶಾಂತವಾಗಿತ್ತು. ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಇಳಿಸಿದ ಕೂಡಲೇ ಹೆಜ್ಜೆಗೊಂದು ಸದ್ದು. ಅರ್ಧ ದಿನ ಗುಂಡಿ ತೋಡಿದೆ, ಏನೂ ಇಲ್ಲ. ಆಮೇಲೆ ಅಂಗೈಯನ್ನು ಕಾಯಿಲ್‌ಗೆ ತಾಗಿಸಿದರೂ ಕೂಗುತ್ತದೆ ಅಂತ ಗೊತ್ತಾಯಿತು. ನೀರು, ಕೈ, ಒದ್ದೆ ಮಣ್ಣು, ಎಲ್ಲವೂ ಕಾಯಿಲ್ ಜೊತೆ ಸೇರಿ ಕೆಪಾಸಿಟರ್ ಆಗುತ್ತವೆ. ಆ ಕೆಪಾಸಿಟನ್ಸ್ ಅಲ್ಲಾಡಿದಾಗ ಮೇಲೆ ಹೇಳಿದ ಇಳಿಜಾರೂ ಅಲ್ಲಾಡುತ್ತದೆ, ಯಂತ್ರಕ್ಕೆ ಅದು ಲೋಹದ ಹಾಗೆ ಕೇಳಿಸುತ್ತದೆ.

ಪರಿಹಾರ ಕಷ್ಟವಲ್ಲ. ತಂತಿಯ ಕಟ್ಟಿನ ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಇದು ಶೀಲ್ಡನ್ನು ತಂತಿಯಿಂದ ದೂರ ಇಡುತ್ತದೆ, ಇಲ್ಲದಿದ್ದರೆ ಶೀಲ್ಡೇ ಕೆಪಾಸಿಟನ್ಸ್ ಏರಿಸುತ್ತದೆ. ಅದರ ಮೇಲೆ ಗ್ರಾಫೈಟ್ ಪೇಂಟ್ ಬಳಿಯಿರಿ, ಒಣಗಿದ ಮೇಲೆ ಇನ್ನೊಂದು ಪದರ. ಪೂರ್ತಿ ಬಳೆ ಆಗಬಾರದು. ಒಂದು ಕಡೆ ಒಂದು ಸೆಂಟಿಮೀಟರ್ ಖಾಲಿ ಬಿಡಲೇಬೇಕು, ಬಿಡದಿದ್ದರೆ ಶೀಲ್ಡ್ ಒಂದು ಮುಚ್ಚಿದ ಸುತ್ತಾಗಿ ಕಾಯಿಲ್‌ನ ಬಲವನ್ನೇ ತಿನ್ನುತ್ತದೆ. ಪೇಂಟ್ ಉದ್ದಕ್ಕೂ ತೆಳುವಾದ ಬರಿ ತಂತಿ ಒಂದನ್ನು ಓಡಿಸಿ, ಅದಕ್ಕೂ ಅದೇ ಜಾಗದಲ್ಲಿ ಬಿರುಕು ಬಿಟ್ಟು, ಕೇಬಲ್‌ನ ಗ್ರೌಂಡ್‌ಗೆ ಸೇರಿಸಿ. ದಪ್ಪ ಅಲ್ಯೂಮಿನಿಯಂ ಹಾಳೆ ಪಿಐಗೆ ಬೇಡ, ಅದರಲ್ಲೇ ಸುಳಿ ಕರೆಂಟ್ ಹುಟ್ಟಿ ಯಂತ್ರ ತನ್ನ ಕಾಯಿಲನ್ನೇ ಪತ್ತೆ ಮಾಡುತ್ತದೆ. ಇದೇ ಕಾರಣಕ್ಕೆ ಕಾಯಿಲ್ ಹತ್ತಿರ ಕಬ್ಬಿಣದ ಬೋಲ್ಟ್, ಸ್ಕ್ರೂ ಇರಲೇಬಾರದು, ಪ್ಲಾಸ್ಟಿಕ್ ಬೋಲ್ಟೇ ಹಾಕಿ.

ಇದು ಈ ವಿದ್ಯೆಯಷ್ಟೇ ಹಳೆಯ ತೊಂದರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ಕಾಯಿಲ್‌ಗಳ ಒಂದು ಯಂತ್ರ ತಂದು ಮೈಯೊಳಗಿನ ಗುಂಡು ಹುಡುಕಿದರು. ಸಿಗಲಿಲ್ಲ. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗ್‌ಗಳು ಅಡ್ಡ ಬಂದವು, ಜೊತೆಗೆ ವೈದ್ಯರು ಗುಂಡು ಬಲಗಡೆ ಇದೆ ಅಂತ ನಂಬಿ ಅಲ್ಲೇ ಹುಡುಕಿಸಿದರು, ಅದು ಎಡಗಡೆ ಇತ್ತು. ಯಂತ್ರ ಕೆಲಸ ಮಾಡುತ್ತಿತ್ತು. ಕಾಯಿಲ್ ಸುತ್ತ ಏನಿದೆ ಅನ್ನುವುದನ್ನು ಮೊದಲು ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಸುತ್ತುಗಳನ್ನು ಒಂದರ ಮೇಲೊಂದು ಪೇರಿಸದೆ ಚಪ್ಪಟೆಯಾಗಿ, ಸ್ವಲ್ಪ ಬಿಡುವು ಕೊಟ್ಟು ಸುತ್ತಿದರೆ, ಅಥವಾ ಎನಾಮಲ್ ತಂತಿಯ ಬದಲು ದಪ್ಪ ಹೊದಿಕೆಯ ತಂತಿ ಬಳಸಿದರೆ ಕೆಪಾಸಿಟನ್ಸ್ ಇಳಿಯುತ್ತದೆ. ಆಗ ದೊಡ್ಡ ಡ್ಯಾಂಪಿಂಗ್ ರೆಸಿಸ್ಟರ್ ಹಾಕಿ, ಡಿಲೇಯನ್ನು 15ರಿಂದ 10ಕ್ಕೆ ಇಳಿಸಬಹುದು. ಇದು ಸಣ್ಣ ಬಂಗಾರದ ಚೂರು, ತೆಳು ಉಂಗುರ ಹುಡುಕುವವರಿಗೆ ದೊಡ್ಡ ಲಾಭ, ಯಾಕೆಂದರೆ ಅವುಗಳ ಉತ್ತರ ಕೆಲವೇ ಮೈಕ್ರೋಸೆಕೆಂಡ್‌ನಲ್ಲಿ ಆರಿಹೋಗುತ್ತದೆ. ತಾಮ್ರದ ದಪ್ಪ ನಾಣ್ಯದ ಉತ್ತರ ಅದಕ್ಕಿಂತ ಎಷ್ಟೋ ಹೊತ್ತು ಇರುತ್ತದೆ, ಅದಕ್ಕೆ ಈ ಶ್ರಮ ಅಷ್ಟೊಂದು ಬೇಕಿಲ್ಲ. ಕೇಬಲ್ ಮಾತ್ರ ಎಲ್ಲರೂ ಚಿಕ್ಕದಾಗಿಡಿ. ಸಾಮಾನ್ಯ 50 ಓಮ್ ಕೋಆಕ್ಸ್ ಮೀಟರಿಗೆ 100 ಪಿಕೋಫ್ಯಾರಡ್ ಸೇರಿಸುತ್ತದೆ, ಸುಮ್ನೆ ಎರಡು ಮೀಟರ್ ಸುರುಳಿ ಸುತ್ತಿ ಹಿಡಿಕೆಗೆ ಕಟ್ಟಿಕೊಂಡವರನ್ನು ನೋಡಿದ್ದೇನೆ.

ವೋಲ್ಟೇಜ್ ವಿಷಯ ಬೇಗ ಮುಗಿಸುತ್ತೇನೆ. ಆರನೇ ಘಾತದ ಲೆಕ್ಕ ಇಲ್ಲೂ ಬರುತ್ತದೆ. 12 ವೋಲ್ಟನ್ನು 15 ಮಾಡಿದರೆ ಕರೆಂಟ್ ಶೇ. 25 ಏರುತ್ತದೆ, ಆಳ ಏರುವುದು ಶೇ. 4ರಷ್ಟು. 25 ಸೆಂ.ಮೀ. ಇದ್ದದ್ದು 26. ಬಿಸಿ ಮಾತ್ರ ಶೇ. 56 ಏರುತ್ತದೆ. ಕರೆಂಟ್ ಎರಡು ಪಟ್ಟು ಮಾಡಿದರೂ 25 ಹೋಗಿ 28 ಆಗುತ್ತದೆ ಅಷ್ಟೆ. ಅದೂ ಮಣ್ಣು ಸುಮ್ಮನಿದ್ದರೆ. ಕಬ್ಬಿಣದಂಶ ಜಾಸ್ತಿ ಇರುವ ಮಣ್ಣಿನಲ್ಲಿ ಮಣ್ಣಿನ ಸಿಗ್ನಲ್ ಕೂಡ ಅಷ್ಟೇ ಏರುವುದರಿಂದ ಕೈಗೆ ಏನೂ ಹತ್ತುವುದಿಲ್ಲ. ಈ ಮೂರು ಸೆಂಟಿಮೀಟರ್‌ಗೆ ಮಾಸ್ಫೆಟ್ ಸುಟ್ಟುಕೊಳ್ಳಬೇಡಿ.

ಈಗ ವಿಎಲ್‌ಎಫ್. ಅದರ ಕಾಯಿಲ್ ಒಳಗೆ ಕಳಿಸುವ ಸುತ್ತು ಬೇರೆ, ಕೇಳುವ ಸುತ್ತು ಬೇರೆ. ಕಳಿಸುವುದರ ಬಲ ಕೇಳುವುದರಲ್ಲಿ ಒಂದಕ್ಕೊಂದು ವಜಾ ಆಗಿ ಹತ್ತಿರ ಹತ್ತಿರ ಸೊನ್ನೆ ಬರುವಂತೆ ಎರಡನ್ನೂ ಕೂರಿಸಿ ಎಪಾಕ್ಸಿ ಸುರಿದಿರುತ್ತಾರೆ. ಈ ಸಮತೋಲ ಕೂದಲೆಳೆಯಷ್ಟು ಸೂಕ್ಷ್ಮ. ನಾನು ಒಮ್ಮೆ ಡಬಲ್ ಡಿ ಕಾಯಿಲ್ ಮಾಡುವಾಗ ಎರಡು ಸುತ್ತುಗಳನ್ನು ಉಗುರಿನ ತುದಿಯಿಂದ ಸರಿಸಿ ಸರಿಸಿ ಐದಾರು ಮಿಲಿವೋಲ್ಟ್‌ಗೆ ತಂದು, ಖುಷಿಯಿಂದ ಎಪಾಕ್ಸಿ ಪೂರ್ತಿ ಒಂದೇ ಸಲ ಸುರಿದು ಮಲಗಿದೆ. ಎಪಾಕ್ಸಿ ಬಿಸಿಯಾಗಿ, ಕುಗ್ಗಿ, ಬೆಳಿಗ್ಗೆ ನೋಡಿದರೆ ಎಷ್ಟೋ ಪಟ್ಟು ಏರಿತ್ತು. ಗಟ್ಟಿಯಾದ ಮೇಲೆ ಏನೂ ಮಾಡಲು ಬರುವುದಿಲ್ಲ. ಈಗ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ತೆಳು ಪದರಗಳಲ್ಲಿ ಹಾಕುತ್ತೇನೆ, ಕೇಳುವ ಸುತ್ತಿನ ಒಂದು ಚಿಕ್ಕ ಕುಣಿಕೆಯನ್ನು ಹೊರಗೆ ಬಿಟ್ಟು, ಕೊನೆಗೆ ಅದನ್ನು ಬಗ್ಗಿಸಿ ಸೊನ್ನೆಗೆ ತರುತ್ತೇನೆ. ಜೊತೆಗೆ ಎಷ್ಟೋ ಯಂತ್ರಗಳಲ್ಲಿ ಕಳಿಸುವ ಸುತ್ತು ಫ್ರೀಕ್ವೆನ್ಸಿ ನಿರ್ಧರಿಸುವ ಸರ್ಕ್ಯೂಟ್‌ನ ಭಾಗವೇ ಆಗಿರುತ್ತದೆ. ಇಂಡಕ್ಟನ್ಸ್ ತಪ್ಪಿದರೆ ಫ್ರೀಕ್ವೆನ್ಸಿ ಸರಿಯುತ್ತದೆ, ಆಗ ಲೋಹ ಗುರುತಿಸುವ ಸಂಖ್ಯೆಗಳೆಲ್ಲ ಸುಳ್ಳು. ಹಾಗಾಗಿ ಒಳ್ಳೆಯ ಕಾಯಿಲನ್ನು ಬಿಚ್ಚಿ ಸುತ್ತುವುದಕ್ಕೆ ನನ್ನ ಸಲಹೆ ಇಲ್ಲವೇ ಇಲ್ಲ. ಕಲಿಯುವ ಆಸೆ ಇದ್ದರೆ ಹಾಳಾದ ಕಾಯಿಲ್ ಒಂದನ್ನು ಹುಡುಕಿ ಅದರಲ್ಲಿ ಕಲಿಯಿರಿ, ಬಹಳ ಚೆನ್ನಾಗಿರುವ ಕಲಿಕೆ ಅದು.

ಕೊಳ್ಳುವುದಾದರೆ ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ್ದನ್ನೇ ಕೊಳ್ಳಿ. ಪ್ಲಗ್ ಕೂತಿತು ಅಂದರೆ ಹೊಂದುತ್ತದೆ ಅಂತ ಅರ್ಥವಲ್ಲ. 15 ಇಂಚಿಗಿಂತ ಮೊದಲು 11 ಇಂಚಿನ ಡಬಲ್ ಡಿ ತೆಗೆದುಕೊಳ್ಳಿ ಅನ್ನುತ್ತೇನೆ. ಕಾನ್ಸೆಂಟ್ರಿಕ್ ಕಾಯಿಲ್ ಕೆಳಗೆ ಹೋದಂತೆ ಚೂಪಾಗುತ್ತದೆ, ಶಾಂತ ಮಣ್ಣಿನಲ್ಲಿ ನಾಣ್ಯದ ಜಾಗವನ್ನು ಬೆರಳಿಟ್ಟು ತೋರಿಸುತ್ತದೆ, ಆದರೆ ಕಬ್ಬಿಣದಂಶದ ಮಣ್ಣಿನಲ್ಲಿ ಬೇಗ ಸೋಲುತ್ತದೆ. ಡಬಲ್ ಡಿ ನಡುವಿನ ತೆಳು ಪಟ್ಟಿಯಲ್ಲಿ ಮಾತ್ರ ಜೋರಾಗಿ ಕೇಳುವುದರಿಂದ ಒಂದೇ ಸಲಕ್ಕೆ ಕಡಿಮೆ ಮಣ್ಣು ನೋಡುತ್ತದೆ, ಅದಕ್ಕೇ ಅಲ್ಲಿ ತಡೆದುಕೊಳ್ಳುತ್ತದೆ. 15 ಇಂಚಿನದು ನೋಡುವ ಮಣ್ಣು ಮತ್ತೆ ಜಾಸ್ತಿ, ಭಾರವೂ ಜಾಸ್ತಿ. ಕೆಟ್ಟ ಮಣ್ಣಿನಲ್ಲಿ 15ಕ್ಕಿಂತ 11 ಆಳ ಹೋಗುವುದು ನಾನು ಎಷ್ಟೋ ಸಲ ಕಂಡಿದ್ದೇನೆ. ಕಸ, ಮೊಳೆ ತುಂಬಿದ ಜಾಗಕ್ಕೆ 6 ಇಂಚಿನದೇ ಸರಿ. ಅಲ್ಲಿ ನಾಣ್ಯ ಆಳದಲ್ಲಿರುವುದಿಲ್ಲ, ಮೊಳೆಯ ಪಕ್ಕದಲ್ಲಿರುತ್ತದೆ. ದೊಡ್ಡ ಕಾಯಿಲ್‌ಗೆ ಎರಡೂ ಸೇರಿ ಒಂದೇ ಆಗಿ ಕೇಳಿಸಿ, ಯಂತ್ರ ಕಬ್ಬಿಣ ಅಂತ ಬಿಟ್ಟುಬಿಡುತ್ತದೆ.

ಭಾರದ ಮಾತು ಬಂತಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೈ ಸೋತಾಗ ಕಾಯಿಲ್ ಗೊತ್ತಿಲ್ಲದೆ ಮೇಲೇಳುತ್ತದೆ, ಬೀಸಿನ ಎರಡೂ ತುದಿಯಲ್ಲಿ ಇನ್ನೂ ಮೇಲೆ. 20 ಸೆಂ.ಮೀ. ಆಳದ ನಾಣ್ಯದ ಮೇಲೆ ಕಾಯಿಲನ್ನು 5 ಸೆಂ.ಮೀ. ಎತ್ತಿ ಹಿಡಿದರೆ ಸಿಗ್ನಲ್ ಮೂರರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಕಾಯಿಲ್‌ನಲ್ಲಿ ಯಾವ ಮಾರ್ಪಾಡು ಮಾಡಿದರೂ ಇಷ್ಟು ವಾಪಸ್ ಬರುವುದಿಲ್ಲ. ಹುಲ್ಲು ಕತ್ತರಿಸಿ, ನೆಲಕ್ಕೆ ತಾಗಿಸಿಯೇ ನಿಧಾನವಾಗಿ ಬೀಸಿ.

ಕೊನೆಗೆ ಪರೀಕ್ಷೆ. ಗಾಳಿಯಲ್ಲಿ ನಾಣ್ಯ ಆಡಿಸಿ ನೋಡುವುದು ಕಾಯಿಲ್ ಜೀವಂತ ಇದೆಯಾ ಅಂತ ತಿಳಿಯಲು ಸಾಕು, ಆಳ ತಿಳಿಯಲು ಸಾಲದು. ನಾನು ಮಾಡುವುದು ಹೀಗೆ. ನೀವು ನಿಜವಾಗಿ ಹುಡುಕುವ ಬಗೆಯ ಮಣ್ಣಿನಲ್ಲಿ ಒಂದು ಪಿವಿಸಿ ಪೈಪನ್ನು 45 ಡಿಗ್ರಿ ಓರೆಯಾಗಿ ಹೂತು, ಸುತ್ತಲಿನ ಮಣ್ಣನ್ನು ಚೆನ್ನಾಗಿ ತುಳಿದು, ಒಂದೆರಡು ಮಳೆ ಕಾಣಲು ಬಿಡಿ. ಮರದ ಪಟ್ಟಿಯ ತುದಿಗೆ ನಾಣ್ಯವನ್ನು ನೆಲಕ್ಕೆ ಸಮನಾಗಿ ಮಲಗುವಂತೆ ಅಂಟಿಸಿ, ಪಟ್ಟಿಯ ಮೇಲೆ ಗುರುತು ಹಾಕಿ ಒಳಗೆ ಇಳಿಸಿ. ಪೈಪಿನಲ್ಲಿ 40 ಸೆಂ.ಮೀ. ಇಳಿಸಿದರೆ ನಿಜವಾದ ಆಳ 28 ಸೆಂ.ಮೀ. ನಾಣ್ಯದ ನೇರ ಮೇಲಿನ ಮಣ್ಣು ಕದಡಿರುವುದಿಲ್ಲ, ಈ ಓರೆಯ ಉಪಾಯ ಅದಕ್ಕೇ. ಮೊದಲು ಹಳೆಯ 26 ಸೆಂ.ಮೀ. ಕಾಯಿಲ್, ಆಮೇಲೆ 13 ಸುತ್ತಿನ ಹೊಸದು, ಅದೇ ದಿನ, ಅದೇ ಸೆನ್ಸಿಟಿವಿಟಿಯಲ್ಲಿ. ನಾಣ್ಯ ಆದ ಮೇಲೆ ಅಂಗೈ ಅಗಲದ ಒಂದು ತಗಡಿನ ಡಬ್ಬದ ಮುಚ್ಚಳವನ್ನು ಬೇರೆ ಕಡೆ 50 ಸೆಂ.ಮೀ. ಆಳದಲ್ಲಿ ಹೂತು ಅದರ ಮೇಲೂ ಎರಡನ್ನೂ ಬೀಸಿ. ನಾಲ್ಕೂ ಸಲ ಬಂದ ಫಲಿತಾಂಶವನ್ನು, ಮಣ್ಣು ಒದ್ದೆಯಿತ್ತಾ ಒಣಗಿತ್ತಾ ಅನ್ನುವುದನ್ನೂ ಸೇರಿಸಿ ನನಗೆ ಬರೆಯಿರಿ. ಡ್ಯಾಂಪಿಂಗ್ ಎಷ್ಟಕ್ಕೆ ನಿಂತಿತು ಅಂತಲೂ ತಿಳಿಸಿ, ಶೀಲ್ಡ್ ಎಷ್ಟು ಕೆಪಾಸಿಟನ್ಸ್ ಸೇರಿಸಿದೆ ಅಂತ ಅದರಿಂದಲೇ ಲೆಕ್ಕ ಹಾಕಿ ಹೇಳುತ್ತೇನೆ.